1300 ಸಿಸಿ, 255 ಅಶ್ವಶಕ್ತಿ: ರೋಟರಿ ಎಂಜಿನ್ ಫಾರ್ವರ್ಡ್‌ನಲ್ಲಿ ಸರಿ ಎಷ್ಟು, ತಪ್ಪು ಎಷ್ಟು?

“ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಬರೀ 1300 ಸಿಸಿ, ಆದರೂ 255 ಅಶ್ವಶಕ್ತಿ! ಇದಕ್ಕಿಂತ ದೊಡ್ಡದನ್ನು ಕೂರಿಸಿದರೆ ಕಾರು ಹಾರುತ್ತೆ. ಕಂಪನಿಗಳು ಇದನ್ನು ನಮ್ಮಿಂದ ಮುಚ್ಚಿಟ್ಟಿವೆ.” ಇಂಥದ್ದೊಂದು ಫಾರ್ವರ್ಡ್ ಕಳಿಸಿದ ಗೊರೂರಿನ ಓದುಗರೊಬ್ಬರು, ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದಾರೆ: “ನಮ್ಮ ಹಳೇ ಗಾಡಿಗೂ ಹೀಗೆ ದೊಡ್ಡ ಎಂಜಿನ್ ಹಾಕಿಸಬಹುದಾ?”

ಫಾರ್ವರ್ಡ್‌ನಲ್ಲಿರುವ ಕಾರು ಜಪಾನಿನ ಮಜ್ದಾ ಆರ್‌ಎಕ್ಸ್-7. ಮಜ್ದಾ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್. ಅದರದ್ದು ಮಾಮೂಲಿ ಡೀಸೆಲ್ ಎಂಜಿನ್. ಆರ್‌ಎಕ್ಸ್-7ರದ್ದು ಬೇರೆಯೇ ಜಾತಿ. ನಡು ತುಸು ಒಳಸರಿದ ಮೊಟ್ಟೆಯಾಕಾರದ ಗೂಡಿನೊಳಗೆ, ಬದಿಗಳು ಉಬ್ಬಿದ ಸಮೋಸದಂಥ ಮೂರು ಮೂಲೆಯ ರೋಟರ್ ತಿರುಗುತ್ತದೆ. ಅದರ ಮೂರು ಬದಿಗಳಲ್ಲೂ ಗಾಳಿ-ಪೆಟ್ರೋಲ್ ಎಳೆಯುವುದು, ಒತ್ತುವುದು, ಉರಿಸುವುದು, ಹೊಗೆ ತಳ್ಳುವುದು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಪಿಸ್ಟನ್‌ನಂತೆ ಮೇಲೆ ಕೆಳಗೆ ಬಡಿದಾಟವಿಲ್ಲ. ಹಾಗಾಗಿ ಎಂಜಿನ್ ಚಿಕ್ಕದು, ಹಗುರ, ನಡುಕವೂ ಕಡಿಮೆ.

ಹಾಗಾದರೆ 1300 ಸಿಸಿಯ ಪವಾಡ? ಅದು ಲೆಕ್ಕದ ಆಟ. ಆರ್‌ಎಕ್ಸ್-7ರಲ್ಲಿ 654 ಸಿಸಿಯ ಎರಡು ರೋಟರ್ ಇವೆ, ಒಟ್ಟು 1308. ಎಂಜಿನ್‌ನ ಶಾಫ್ಟ್ ಒಂದು ಸುತ್ತು ತಿರುಗಿದಾಗಲೆಲ್ಲ ಪ್ರತಿ ರೋಟರ್ ಒಮ್ಮೆ ಉರಿಯುತ್ತದೆ. ನಮ್ಮ ಕಾರುಗಳ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಉರಿಯುವುದು ಎರಡು ಸುತ್ತಿಗೊಮ್ಮೆ. ಎರಡು ಸುತ್ತಿಗೆ ಲೆಕ್ಕ ಹಾಕಿದರೆ ಈ ‘1300 ಸಿಸಿ’ ಎಳೆದುಕೊಳ್ಳುವುದು 2600 ಸಿಸಿ ಪಿಸ್ಟನ್ ಎಂಜಿನ್‌ನಷ್ಟು ಗಾಳಿ. ಅದರ ಮೇಲೆ ಎರಡು ಟರ್ಬೊ ಬೇರೆ. 255 ಅಶ್ವಶಕ್ತಿ ಬಂದರೆ ಆಶ್ಚರ್ಯವೇನು? ಜಪಾನಿನ ತೆರಿಗೆಯವರೇ ರೋಟರಿಯ ಸಿಸಿಯನ್ನು ಒಂದೂವರೆ ಪಟ್ಟು ಮಾಡಿ ತೆರಿಗೆ ಹಾಕುತ್ತಾರೆ.

ಮುಚ್ಚಿಟ್ಟಿದ್ದಾರೆ ಎನ್ನುವುದಂತೂ ಸುಳ್ಳು. ಮಜ್ದಾ ಇದನ್ನು 1967ರಿಂದ ಮಾರಿತು, 1991ರಲ್ಲಿ ರೋಟರಿ ಕಾರಿನಲ್ಲೇ ಲೆ ಮಾನ್ಸ್ ರೇಸ್ ಗೆದ್ದಿತು. ರೋಟರಿಯನ್ನು ಕೆಡವಿದ್ದು ಅದರದೇ ಹಸಿವು. ಉರಿಯುವ ಜಾಗ ಉದ್ದ, ಚಪ್ಪಟೆ. ಪೆಟ್ರೋಲ್ ಪೂರ್ತಿ ಸುಡುವುದಿಲ್ಲ, ಹೊಗೆ ಜಾಸ್ತಿ. ರೋಟರ್ ಮೂಲೆಯ ಸೀಲ್‌ಗಳು ಸವೆಯದಿರಲಿ ಎಂದು ಬೇಕೆಂದೇ ಆಯಿಲ್ ಬಿಡುತ್ತಾರೆ, ಅದೂ ಸುಟ್ಟುಹೋಗುತ್ತದೆ. ಕೊನೆಯ ರೋಟರಿ ಸ್ಪೋರ್ಟ್ಸ್ ಕಾರು ಆರ್‌ಎಕ್ಸ್-8 ತಯಾರಿಕೆ 2012ರಲ್ಲಿ ನಿಂತಿತು.

ಇನ್ನು ‘ದೊಡ್ಡದನ್ನು ಕೂರಿಸುವ’ ವಿಷಯ. 1990ರಲ್ಲಿ ಬಂದ ಮಜ್ದಾದ ಕಾಸ್ಮೊ ಕಾರಿನಲ್ಲಿ ಮೂರು ರೋಟರ್‌ನ 1962 ಸಿಸಿ ಎಂಜಿನ್ ಇತ್ತು. ಹೊರದೇಶಗಳಲ್ಲಿ ಹುಚ್ಚು ಹಿಡಿದವರು (ಒಳ್ಳೆಯ ಅರ್ಥದಲ್ಲೇ ಹೇಳುತ್ತಿದ್ದೇವೆ) ಅದನ್ನು ಆರ್‌ಎಕ್ಸ್-7ಗೆ ಇಳಿಸುತ್ತಾರೆ. ಒಂದು ರೋಟರ್ ಹೆಚ್ಚಾದರೆ ಎಂಜಿನ್ ಉದ್ದವಾಗುತ್ತದೆ. ಮುಂದೆ ಸರಿಸಿದರೆ ಮೂತಿ ಭಾರ, ತಿರುವಿನಲ್ಲಿ ಹಿಡಿತ ಕೆಡುತ್ತದೆ. ಹಿಂದೆ ಸರಿಸಲು ಬಾಡಿ ಕತ್ತರಿಸಬೇಕು. ಆ ಎಂಜಿನ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ ಮಾತ್ರ ಬಂದಿತ್ತು, ಹಾಗಾಗಿ ಗೇರ್‌ಬಾಕ್ಸ್ ಬದಲು. ಶಾಖ ಹೆಚ್ಚು, ರೇಡಿಯೇಟರ್ ಬದಲು. ವೇಗ ಹೆಚ್ಚು, ಬ್ರೇಕ್ ಬದಲು. ಮೂವತ್ತು ಸೆಕೆಂಡ್ ವಿಡಿಯೋದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ರೋಟರಿ ತೆಗೆದು ರೋಟರಿ ಕೂರಿಸಿದ ಕೆಲಸ ನಮ್ಮ ಕರ್ನಾಟಕದಲ್ಲೂ ನಡೆದಿದೆ, ಕಾರಿನಲ್ಲಲ್ಲ. ಬೆಂಗಳೂರಿನ ಎಡಿಇ ರೂಪಿಸಿದ ‘ನಿಶಾಂತ್’ ಎಂಬ ಪೈಲಟ್ ಇಲ್ಲದ ವಿಮಾನ ಹಾರುತ್ತಿದ್ದುದು ಆಮದು ರೋಟರಿ ಎಂಜಿನ್‌ನಿಂದ. ಅದರ ಜಾಗಕ್ಕೆ ಅಹಮದ್‌ನಗರದ ವಿಆರ್‌ಡಿಇ ಮತ್ತು ಬೆಂಗಳೂರಿನ ಎನ್‌ಎಎಲ್ ಎಡಿಇ ಜೊತೆ ಸೇರಿ 55 ಅಶ್ವಶಕ್ತಿಯ ದೇಶಿ ರೋಟರಿ ಎಂಜಿನ್ ತಯಾರಿಸಿದವು. ತೂಕ ಸುಮಾರು 30 ಕಿಲೊ. 2009ರ ಏಪ್ರಿಲ್ 5ರಂದು ಕೋಲಾರದಲ್ಲಿ ಅದು ಹಾರಿತು. ಹಗುರವಾಗಿರುವುದೇ ಮುಖ್ಯವಾದ ಕಡೆ ರೋಟರಿಗೆ ಇಂದಿಗೂ ಬೆಲೆ ಇದೆ. ಗಮನಿಸಿ, ಅಷ್ಟು ಸಂಸ್ಥೆಗಳು ಸೇರಿ ಮಾಡಿದರೂ ಹಾರಾಟಕ್ಕೆ ಮೊದಲು ಸೆಮಿಲಾಕ್ ಎಂಬ ಪ್ರಮಾಣೀಕರಣ ಸಂಸ್ಥೆಯ ಒಪ್ಪಿಗೆ ಬೇಕಾಯಿತು.

ರಸ್ತೆಗೂ ಅಂಥದ್ದೇ ನಿಯಮವಿದೆ. ಹಳೇ ಜೀಪಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮ ಮಲೆನಾಡಿನ ಕಡೆ ಹೊಸ ವಿದ್ಯೆಯಲ್ಲ, ಆದರೆ ಕೈಚಳಕ ಬೇರೆ, ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಏಟು ಅಪಘಾತವಾದಾಗ: ಗಾಡಿಯಲ್ಲಿರುವ ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ವಿಮೆಯವರಿಗೆ ಕ್ಲೇಮ್ ತಳ್ಳಿಹಾಕಲು ಅದೇ ಕಾರಣ ಸಾಕು.

ಆದ್ದರಿಂದ ಗೊರೂರಿನ ಓದುಗರಿಗೆ ನಮ್ಮ ಉತ್ತರ: ಹೆಚ್ಚು ಸಿಸಿಯ ಎಂಜಿನ್ ಬೇಡ. ಎಂಜಿನ್ ಕೆಟ್ಟೇ ಹೋಗಿದ್ದರೆ ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಹುಡುಕಿ. ಬಿಲ್ ಇಲ್ಲದ ಗುಜರಿ ಎಂಜಿನ್ ಬೇಡ, ಕದ್ದ ಗಾಡಿಯದ್ದೂ ಆಗಿರಬಹುದು. ಗ್ಯಾರೇಜಿಗೆ ಮುಂಗಡ ಕೊಡುವ ಮೊದಲೇ ಹಾಸನದ ಆರ್‌ಟಿಒ ಕಚೇರಿಯಲ್ಲಿ ಅನುಮತಿ ಕೇಳಿ, ಬದಲಿಸಿದ 14 ದಿನದೊಳಗೆ ಆರ್‌ಸಿ ತೆಗೆದುಕೊಂಡು ಹೋಗಿ ಹೊಸ ಎಂಜಿನ್ ನಂಬರ್ ಬರೆಸಿ. ವಿಮೆ ಕಂಪನಿಗೂ ತಿಳಿಸಿ.