ಹಿಮದ ಹಾಕಿಯ ಉಗ್ರಾಣ

ಮದುವೆಯ ಮನೆಯಲ್ಲಿ ಉಗ್ರಾಣದ ಹೊಣೆ ಹೊತ್ತವನ ಮುಖವನ್ನು ನೋಡಿದ ನೆಂಟರು ವಿರಳ. ಎಲೆಗೆ ಉಪ್ಪು ಬಾರದಿದ್ದಾಗ ಮಾತ್ರ ಅವನ ಹೆಸರು ಎಲ್ಲರ ಬಾಯಲ್ಲಿಯೂ ಬರುವುದು. ಕೆನಡಾ ಮತ್ತು ಅಮೆರಿಕಾ ದೇಶಗಳಲ್ಲಿ ಮಂಜುಗಡ್ಡೆಯ ಮೇಲೆ ಹಾಕಿಯಾಡುವ ತಂಡಗಳಲ್ಲಿಯೂ ಇಂಥ ಉಗ್ರಾಣದವರುಂಟು. ಆಟಗಾರರ ಬೆಂಚಿನ ಹಿಂದೆ, ಪ್ರೇಕ್ಷಕರಿಗೆ ಬೆನ್ನು ಮಾಡಿ ನಿಲ್ಲುವುದೇ ಅವರ ಪಾಲಿನ ಸ್ಥಾನ.

ಅವರ ಕೆಲಸಗಳಲ್ಲಿ ಮುಖ್ಯವಾದುದು ಸಾಣೆ ಹಿಡಿಯುವುದು. ಆಟಗಾರನ ಪಾದರಕ್ಷೆಯ ಅಡಿಯಲ್ಲಿ ಸುಮಾರು ೩ ಮಿಲಿಮೀಟರು ದಪ್ಪದ ಉಕ್ಕಿನ ಅಲಗಿರುತ್ತದೆ. ನಮ್ಮ ಈಳಿಗೆಮಣೆಯ ಅಲಗಿನಂತೆ ಇದು ಒಂದೇ ಬಾಯುಳ್ಳದ್ದಲ್ಲ. ಉದ್ದಕ್ಕೂ ನಡುವೆ ಸಣ್ಣದೊಂದು ತೋಡು ಬರುವಂತೆ ಸಾಣೆಯಿಂದ ಅರೆದು, ಎರಡು ಪಕ್ಕಗಳಲ್ಲಿಯೂ ಒಂದೊಂದು ಬಾಯಿಯನ್ನು ತೆಗೆದಿರುತ್ತಾರೆ. ತೋಡು ಆಳವಾದಷ್ಟೂ ಅಲಗು ಮಂಜನ್ನು ಕಚ್ಚಿ ಹಿಡಿಯುತ್ತದೆ. ಥಟ್ಟನೆ ತಿರುಗುವವನಿಗೆ ಅದು ಬೇಕು. ಆಳ ಕಡಮೆಯಾದರೆ ಜಾರುವ ವೇಗ ಹೆಚ್ಚು. ಒಬ್ಬನಿಗೆ ಒಪ್ಪಿದುದು ಮತ್ತೊಬ್ಬನಿಗೆ ಒಗ್ಗದು. ಇಪ್ಪತ್ತು ಜೊತೆ ಕಾಲುಗಳ ಇಷ್ಟಾನಿಷ್ಟಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು, ಇಪ್ಪತ್ತು ನಾಲಗೆಗಳಿಗೆ ಅಡುಗೆ ಮಾಡುವುದಕ್ಕಿಂತ ಸುಲಭವೆಂದು ನಾನು ಹೇಳಲಾರೆ. ಆಟದ ನಡುವೆ ಅಲಗು ಕೆಟ್ಟರೆ ಆಟಗಾರನು ಕುಂಟುತ್ತ ಬೆಂಚಿಗೆ ಬರುವನು. ಉಗ್ರಾಣದವನು ಅದನ್ನು ಕಳಚಿ, ಬೇರೊಂದನ್ನು ಕ್ಷಣಮಾತ್ರದಲ್ಲಿ ತೊಡಿಸಿ ಕಳುಹಿಸಬೇಕು. ಆಟ ಮುಗಿದ ಮೇಲೆ ಬೆವರಿನಿಂದ ತೊಯ್ದ ಕೈಗವಸುಗಳನ್ನು ಆರಿಸುವುದು, ಬಟ್ಟೆ ಒಗೆಸುವುದು, ಗಂಟುಮೂಟೆ ಕಟ್ಟುವುದು. ೨೦೨೧-೨೨ರ ಋತುವಿನಲ್ಲಿ ಅಲ್ಲಿನ ಪ್ರಧಾನ ಪಂಗಡದ ತಂಡವೊಂದಕ್ಕೆ ೮೨ ಆಟಗಳಿದ್ದುವು. ಅವುಗಳಲ್ಲಿ ಅರ್ಧ ಪರಸ್ಥಳದವು.

ಆ ಋತುವಿನಲ್ಲಿಯೇ ನಡೆದ ಒಂದು ಸಂಗತಿಯನ್ನು ವಾಚಕರಿಗೆ ತಿಳಿಸಬೇಕಾಗಿದೆ. ೨೦೨೧ನೆಯ ಅಕ್ಟೋಬರ್ ೨೩ರಂದು ವ್ಯಾಂಕೂವರ್ ತಂಡವು ಸಿಯಾಟಲ್ ನಗರಕ್ಕೆ ಆಡಲು ಹೋಗಿದ್ದಿತು. ಸಿಯಾಟಲ್ಲಿನ ಹೊಸ ತಂಡಕ್ಕೆ ತವರಿನಲ್ಲಿ ಅದೇ ಮೊದಲನೆಯ ಆಟ. ಊರಿಗೆ ಊರೇ ಸಂಭ್ರಮದಲ್ಲಿದ್ದಿತು. ವ್ಯಾಂಕೂವರ್ ತಂಡದ ಸಹಾಯಕ ಉಗ್ರಾಣಾಧಿಕಾರಿ ಬ್ರಯನ್ ಹ್ಯಾಮಿಲ್ಟನ್ನರು ಎಂದಿನಂತೆ ಬೆಂಚಿನ ಹಿಂದೆ ನಿಂತಿದ್ದರು. ಗಾಜಿನ ತಡೆಯ ಆಚೆ ಕುಳಿತಿದ್ದ ೨೨ ವರ್ಷದ ತರುಣಿಯೊಬ್ಬಳು ಆಟದ ನಡುವೆ ಅವರ ಕತ್ತಿನ ಹಿಂಬದಿಯನ್ನು ಗಮನಿಸಿದಳು. ಅಲ್ಲೊಂದು ಮಚ್ಚೆ, ಆಕಾರ ಸೊಟ್ಟ, ಬಣ್ಣ ಕೆಂಪುಗಂದು. ಆಸ್ಪತ್ರೆಯಲ್ಲಿ ಅರ್ಬುದರೋಗಿಗಳ ಸೇವೆ ಮಾಡಿದ್ದವಳಾದುದರಿಂದ ಅವಳಿಗೆ ಸಂದೇಹ ಹುಟ್ಟಿತು. ಅದು ಅರ್ಬುದವಾಗಿರಬಹುದು, ವೈದ್ಯರಿಗೆ ತೋರಿಸಿರೆಂದು ಫೋನಿನಲ್ಲಿ ಬರೆದು ಗಾಜಿಗೆ ಒತ್ತಿ ಹಿಡಿದಳು. ಅವರು ಓದಿ, ಭುಜ ಕುಣಿಸಿ ಹೊರಟುಹೋದರು. ಅಪರಿಚಿತನ ಮೈಯ ಮೇಲಿನ ಮಚ್ಚೆಯ ಮಾತೆತ್ತಲು ಎಷ್ಟು ಸಂಕೋಚವಾಗಿರಬೇಕು! ನಮ್ಮಲ್ಲಿ ಸ್ವಂತ ಅಣ್ಣನಿಗೆ ಹೇಳಲೂ ಹಿಂಜರಿಯುವವರುಂಟು.

ಆದರೂ ಮಾತು ಅವರ ಮನಸ್ಸಿನಲ್ಲಿ ಉಳಿಯಿತು. ತಂಡದ ವೈದ್ಯರು ಮಚ್ಚೆಯನ್ನು ತೆಗೆದು ಪರೀಕ್ಷಿಸಿದಾಗ ಅದು ಮೆಲನೋಮಾ ಎಂಬ ಚರ್ಮದ ಅರ್ಬುದವೆಂದು ಗೊತ್ತಾಯಿತು. ಇದು ಬೇರೂರಿ ಒಳಗೆ ಹರಡಿದರೆ ಪ್ರಾಣಾಂತಿಕ. ಮೊದಲಲ್ಲೇ ಕಂಡರೆ ಕತ್ತರಿಸಿ ತೆಗೆದು ಬದುಕಿಸಬಹುದು. ಮನೆಯಲ್ಲಿ ಯಾರ ಮೈಮೇಲಾಗಲಿ ಅಂಚು ಸೊಟ್ಟಾದ, ಬಣ್ಣ ಸಮವಿಲ್ಲದ, ಬೆಳೆಯುತ್ತಿರುವ ಮಚ್ಚೆ ಕಂಡರೆ ವೈದ್ಯರಿಗೆ ತೋರಿಸತಕ್ಕದ್ದು. ಬೆನ್ನು, ಕತ್ತುಗಳಂತೂ ತನ್ನ ಕಣ್ಣಿಗೆ ತಾನೇ ಕಾಣದ ಜಾಗಗಳು.

೨೦೨೨ನೆಯ ಜನವರಿ ೧ರಂದು ವ್ಯಾಂಕೂವರ್ ತಂಡವು ಮತ್ತೆ ಸಿಯಾಟಲ್ಲಿಗೆ ಬಂದಿತು. ಆ ಹುಡುಗಿಯನ್ನು ಹುಡುಕಿಕೊಡಿರೆಂದು ಹ್ಯಾಮಿಲ್ಟನ್ನರು ಬರೆದ ಬಹಿರಂಗಪತ್ರ ಅವಳ ತಾಯಿಯ ಕಣ್ಣಿಗೆ ಬಿದ್ದಿತು. ಅಂದು ಇಬ್ಬರೂ ಭೇಟಿಯಾದರು. ಆಟದ ನಡುವೆ ಎರಡು ತಂಡಗಳೂ ಸೇರಿ, ಅವಳ ವೈದ್ಯವಿದ್ಯಾಭ್ಯಾಸಕ್ಕೆಂದು ೧೦,೦೦೦ ಡಾಲರುಗಳನ್ನು ಸಾರಿದುವು.