ಸೆಲ್ಫ್ ಹೊಡೆಯುತ್ತೆ, ಸ್ಟಾರ್ಟ್ ಆಗಲ್ಲ

ಇದನ್ನ ಜನವರಿಯಲ್ಲೇ ಬರೀಬೇಕಿತ್ತು. ಆದರೆ ಆಗ ಬರೆದಿದ್ದರೆ ಬರೀ ಬೈಗುಳ ಆಗ್ತಿತ್ತು, ಅದೂ ಯಾರನ್ನೋ ಅಲ್ಲ, ನನ್ನನ್ನೇ. ಸ್ವಲ್ಪ ಆರಲಿ ಅಂತ ಬಿಟ್ಟಿದ್ದೆ.

ನಮ್ಮನೆ ಮುಂದೆ ಒಂದು ಪಿಕಪ್ ಟ್ರಕ್ ನಿಂತಿದೆ. 1998ರ ಮಾಡೆಲ್ಲು, ಎಂಟು ಸಿಲಿಂಡರಿನ ಗಾಡಿ. ಯಾವ ಕಂಪನಿದು ಅನ್ನೋದು ಬೇಡ, ಇಷ್ಟು ವಯಸ್ಸಾದ ಮೇಲೆ ಕಂಪನಿಯನ್ನ ದೂರೋದು ಅಂದ್ರೆ ತೊಂಬತ್ತರ ಅಜ್ಜನ ಮಂಡಿ ನೋವಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನ ಬೈದ ಹಾಗೆ. 2011ರಲ್ಲಿ ಮಿಷಿಗನ್‌ಗೆ ಬಂದ ಹೊಸತರಲ್ಲಿ 3,200 ಡಾಲರ್ ಕೊಟ್ಟು ಕೊಂಡದ್ದು. ಕನ್ನಡ ಸಂಘದ ನಾಟಕದ ಪರದೆ, ಗಣೇಶನ ಹಬ್ಬದ ಅಡಿಗೆ ಪಾತ್ರೆ, ಹೊಸದಾಗಿ ಬಂದ ದಂಪತಿಗಳ ಹಾಸಿಗೆ ಮಂಚ, ಇವೆಲ್ಲ ಊರಿಡೀ ಸುತ್ತಿರೋದು ಇದರ ಬೆನ್ನ ಮೇಲೇ. ಈಗ ಎರಡು ವರ್ಷದಿಂದ ಮಗ ಓಡಿಸ್ತಾನೆ. ಹಗಲು ಕಮ್ಯುನಿಟಿ ಕಾಲೇಜು, ವಾರಕ್ಕೆ ಮೂರು ರಾತ್ರಿ ಒಂದು ಗೋಡೌನಿನಲ್ಲಿ ಡಬ್ಬ ಎತ್ತಿ ಇಳಿಸೋ ಕೆಲಸ.

2024ರ ಅಕ್ಟೋಬರ್‌ನಲ್ಲಿ ಶುರುವಾಯ್ತು ಇದರ ತಕರಾರು. ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಚೆನ್ನಾಗೇ ಹೊಡೆಯುತ್ತೆ, ಎಂಜಿನ್ ಹಿಡಿಯೋದಿಲ್ಲ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಕೆಮ್ಮಿ, ಸೀನಿ, ಎದ್ದು ಕೂರುತ್ತೆ. ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಹಳೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗ ಆಗಬಹುದು. 'ಸ್ಟಾರ್ಟ್ ಆಗ್ತಿಲ್ಲ' ಅನ್ನೋದು ಒಂದು ಕಾಯಿಲೆಯ ಹೆಸರಲ್ಲ. ಕೀ ತಿರುಗಿಸಿದಾಗ ಬರೀ ಟಕ್ ಟಕ್ ಅಂದರೆ ಬ್ಯಾಟರಿ, ಅದರ ಕೇಬಲ್ಲು, ಸ್ಟಾರ್ಟರ್ ಮೋಟರ್ ಈ ಕಡೆ ನೋಡಬೇಕು. ಸೆಲ್ಫ್ ಗರಗರ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಮೊದಲು ನೋಡಬೇಕಾದ್ದು ಪೆಟ್ರೋಲ್, ಕಿಡಿ ಇವೆರಡನ್ನ. ಈ ಎರಡು ಬೇರೆ ಬೇರೆ ದಾರಿ. ನಮ್ಮದು ಎರಡನೇದು.

ಅಲ್ಲಿವರೆಗೆ ನಾನು ಸರಿಯಾಗೇ ಇದ್ದೆ. ಆಮೇಲೆ ಇಂಟರ್ನೆಟ್ಟಿನಲ್ಲಿ ನಾಲ್ಕು ಕಡೆ ನೋಡಿದೆ. ನಾಲ್ಕೂ ಕಡೆ ಒಂದೇ ಉತ್ತರ: ಫ್ಯೂಯಲ್ ಪಂಪ್. ತಗೋ! ಅಳತೆ ಇಲ್ಲ, ಪರೀಕ್ಷೆ ಇಲ್ಲ, ಅವತ್ತೇ ರಾತ್ರಿ 240 ಡಾಲರ್ ಕೊಟ್ಟು ಪಂಪ್ ತರಿಸಿದೆ. ಜೊತೆಗೆ ಫಿಲ್ಟರ್ರು, ಅದೂ ಇದೂ ಸೇರಿ ಮುನ್ನೂರರ ಹತ್ತಿರ. ಈ ಗಾಡಿಗಳಲ್ಲಿ ಪಂಪ್ ಇರೋದು ಟ್ಯಾಂಕಿನ ಒಳಗೆ. ಟ್ಯಾಂಕ್ ಇಳಿಸೋ ಬದಲು ಹಿಂದಿನ ತೊಟ್ಟಿಯನ್ನೇ ಬೋಲ್ಟ್ ಬಿಚ್ಚಿ ಎತ್ತಿ ಪಕ್ಕಕ್ಕಿಟ್ಟರೆ ಮೇಲಿನಿಂದ ಕೈಗೆ ಸಿಗುತ್ತೆ. ಸಂಘದ ನಾಲ್ಕು ಜನ ಬಂದು ಹೆಗಲು ಕೊಟ್ಟರು. ಆಮೇಲೆ ಚಹಾ, ಮಂಡಕ್ಕಿ, ಪಂಪು ಬದಲಿಸಿದ ನನ್ನ ಗುಣಗಾನ. ಕೀ ತಿರುಗಿಸಿದ್ದೇ ತಡ, ಗಾಡಿ ಭರ್ ಅಂತ ಎದ್ದಿತು. ಮಗನ ಕೈಗೆ ಕೀ ಕೊಟ್ಟು ನಾನು ಹೇಳಿದ ಮಾತು ಸರಿಯಾಗಿ ನೆನಪಿದೆ.

"ಇನ್ನು ಕಣ್ಣು ಮುಚ್ಕೊಂಡು ಓಡಿಸು."

*

2025ರ ಜನವರಿ ಮೂರನೇ ವಾರ ಇಲ್ಲಿ ಬಿದ್ದ ಚಳಿ ಕೇಳಬೇಡಿ. ರಾತ್ರಿ ಸೊನ್ನೆ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 18. ಮಗನ ಕೆಲಸ ಹನ್ನೊಂದಕ್ಕೆ ಮುಗಿಯುತ್ತೆ, ಹನ್ನೊಂದೂವರೆಗೆ ಮನೇಲಿರಬೇಕು. ಹನ್ನೆರಡಾಯ್ತು. ಫೋನ್ ಮಾಡಿದ್ರೆ ನೇರ ವಾಯ್ಸ್ ಮೇಲ್. ಹನ್ನೆರಡೂಕಾಲಿಗೆ ನಾನು ಕಾರಿನ ಕೀ ತಗೊಂಡೆ, ಹೆಂಡತಿ ಮಾತಿಲ್ಲದೆ ಪಕ್ಕದ ಸೀಟಲ್ಲಿ ಬಂದು ಕೂತಳು. ಅರ್ಧ ದಾರೀಲಿ ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನು.

"ಅಪ್ಪಾ, ಗ್ಯಾಸ್ ಸ್ಟೇಷನ್‌ನಲ್ಲಿದ್ದೀನಿ. ಟ್ರಕ್ ಆಫ್ ಆಗ್ಬಿಡ್ತು."

ಜೋಳದ ಹೊಲಗಳ ನಡುವೆ ಒಂದು ಸ್ಟಾಪ್ ಸೈನ್. ಅಲ್ಲಿ ನಿಲ್ಲಿಸಿದಾಗ ಎಂಜಿನ್ ಸತ್ತಿತು, ಮತ್ತೆ ಏಳಲಿಲ್ಲ. ಚಳಿಗೆ ಫೋನಿನ ಬ್ಯಾಟರಿಯೂ ಸತ್ತಿತು. ಒಂದು ಕಾರೂ ಹಾಯಲಿಲ್ಲವಂತೆ. ಕೂತಿದ್ದರೆ ಮರಗಟ್ಟಿ ಹೋಗ್ತೀನಿ ಅಂತ ಎರಡು ಮೈಲಿ ನಡೆದಿದ್ದಾನೆ. ತಲೆಗೆ ಟೋಪಿ ಇಲ್ಲ. ಹತ್ತೊಂಬತ್ತು ವರ್ಷದವರಿಗೆ ಟೋಪಿ ಹಾಕಿದರೆ ಕೂದಲು ಕೆಡುತ್ತಲ್ಲ! ನಾವು ಹೋದಾಗ ಎರಡು ಕಿವಿಗಳ ತುದಿ ಮೇಣದ ಹಾಗೆ ಬೆಳ್ಳಗಾಗಿತ್ತು. ದೇವರು ದೊಡ್ಡವನು, ಮರುದಿನ ಕೆಂಪಾಗಿ, ವಾರದಲ್ಲಿ ಸಿಪ್ಪೆ ಸುಲಿದು ಸರಿ ಹೋಯ್ತು.

ಮಗ ನನಗೆ ಏನೂ ಅನ್ನಲಿಲ್ಲ. ಹೆಂಡತಿ ಮೈಸೂರಿನವಳು, ಜೋರು ಮಾತಾಡೋ ಪೈಕಿ ಅಲ್ಲ. ಮನೆಗೆ ಬಂದು ಹಾಲು ಕಾಯಿಸ್ತಾ ಒಂದೇ ಮಾತು ಅಂದಳು.

"ಪಂಪ್ ಹಾಕಿದ್ದೀನಿ, ಇನ್ನು ಯೋಚ್ನೆ ಇಲ್ಲ ಅಂದಿದ್ರಿ ಅಲ್ವೇನ್ರೀ?"

*

ನಿದ್ದೆ ಬರಲಿಲ್ಲ ಅವತ್ತು. ಕುಮಟೆಯ ನಮ್ಮಪ್ಪನ ಬಜಾಜ್ ಸ್ಕೂಟರ್ ನೆನಪಾಗ್ತಾ ಇತ್ತು. ಮಳೆಗಾಲದಲ್ಲಿ ಅದು ಒದ್ದರೆ ಏಳ್ತಿರಲಿಲ್ಲ. ಅಪ್ಪ ಶಾಲೆ ಮಾಸ್ತರು, ಮೆಕ್ಯಾನಿಕ್ ಏನಲ್ಲ, ಆದರೆ ಅವರದ್ದೊಂದು ಕ್ರಮ ಇತ್ತು. ಮೊದಲು ಸ್ಕೂಟರನ್ನ ಬದಿಗೆ ಓರೆ ಮಾಡಿ ಒಮ್ಮೆ ಅಲುಗಾಡಿಸೋದು. ಆಮೇಲೆ ಪೆಟ್ರೋಲ್ ಪೈಪ್ ಎಳೆದು ಹನಿ ಬೀಳುತ್ತಾ ನೋಡೋದು. ಅದು ಸರಿ ಇದ್ದರೆ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಹಿಡಿದು, "ಒದಿ ತಮಾ" ಅಂತ ನನಗೆ ಹೇಳಿ ಕಿಡಿ ನೋಡೋದು. ಎಣ್ಣೆ ಬಂತಾ, ಕಿಡಿ ಬಂತಾ, ಗಾಳಿ ಬಂತಾ. ಈ ಮೂರು ಕೇಳದೆ ಒಂದು ವಾಷರ್ ಕೂಡ ಕೊಂಡವರಲ್ಲ ಅವರು. ಕೊಳ್ಳೋಕೆ ದುಡ್ಡೂ ಇರಲಿಲ್ಲ ಅನ್ನಿ. ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಇತ್ತು, ಅದೇ ತೊಂದರೆ ಆಯ್ತು.

ಶನಿವಾರ ಗಾಡಿ ಎಳೆಸಿಕೊಂಡು ಬಂದು ಗರಾಜಿಗೆ ತಂದೆವು. ಮಗನನ್ನೂ ಕರೆದೆ. ಗರಾಜಿನ ಬಾಗಿಲು ಪೂರ್ತಿ ತೆಗೆದು, ಬಿಸಿನೀರಿನ ಹಂಡೆಯ ಪೈಲಟ್ ಆರಿಸಿ, ಕಣ್ಣಿಗೆ ಕನ್ನಡಕ ಹಾಕಿ ಕೂತೆವು. ಪೆಟ್ರೋಲ್ ಕೆಲಸಕ್ಕೆ ಇಳಿಯೋ ಮುಂಚೆ ಇದು ಮಾತ್ರ ಮರೀಬೇಡಿ. ಚಳಿ ಅಂತ ಬಾಗಿಲು ಮುಚ್ಚಿಕೊಂಡು, ಪಕ್ಕದಲ್ಲಿ ಹೀಟರ್ ಇಟ್ಟುಕೊಂಡು ಮಾಡೋ ಕೆಲಸ ಅಲ್ಲ.

ಎಣ್ಣೆಯೋ ಕಿಡಿಯೋ? ಗಾಳಿ ಎಳೆಯೋ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಒಂದು ಚೂರು ಹೊಡೆದು, ಡಬ್ಬಿ ದೂರ ಇಟ್ಟು, ಸೆಲ್ಫ್ ಕೊಟ್ಟೆ. ಎಂಜಿನ್ ಎರಡು ಸೆಕೆಂಡ್ ಓಡಿ ನಿಂತಿತು. ಅಂದರೆ ಕಿಡಿ ಇದೆ, ಗಾಳಿ ಇದೆ, ಎಣ್ಣೆ ಬರ್ತಾ ಇಲ್ಲ. ಬಿಡಿಭಾಗದ ಅಂಗಡಿಯವರು ಠೇವಣಿ ಇಟ್ಟುಕೊಂಡು ಪ್ರೆಶರ್ ಗೇಜ್ ಎರವಲು ಕೊಡ್ತಾರೆ. ಎಂಜಿನ್ನಿಗೆ ಪೆಟ್ರೋಲ್ ಹೋಗೋ ಪೈಪಿನ ಮೇಲೆ ಸೈಕಲ್ ಟ್ಯೂಬಿನ ವಾಲ್ವ್ ಥರದ್ದೊಂದು ಇರುತ್ತೆ, ಅದಕ್ಕೆ ಸಿಕ್ಕಿಸಬೇಕು. ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡ್ ಓಡಿ ಒತ್ತಡ ಕೊಟ್ಟು ನಿಲ್ಲುತ್ತೆ. ನಮ್ಮ ಎಂಜಿನ್ನಿಗೆ ಸರ್ವಿಸ್ ಪುಸ್ತಕದ ಪ್ರಕಾರ 60ರಿಂದ 66 ಪಿಎಸ್‌ಐ ಬರಬೇಕು. ಬಂದದ್ದು 41.

ಅಯ್ಯೋ, 41 ಇದೆಯಲ್ಲ, ಪೂರ್ತಿ ಇಲ್ಲದಿದ್ದರೂ ಮೂರರಲ್ಲಿ ಎರಡು ಪಾಲು ಹತ್ತಿರ ಇದೆಯಲ್ಲ ಅನ್ನಿಸುತ್ತೆ. ಆದರೆ ಈ ಜಾತಿಯ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಒಂದು ಸಣ್ಣ ಕೊಳವೆ, ತುದೀಲಿ ಸ್ಪ್ರಿಂಗಿನ ಒಂದು ಪುಟ್ಟ ಬಾಯಿ. ಒತ್ತಡ ಸಾಲದಿದ್ದರೆ ಆ ಬಾಯಿ ಬಿಡೋದೇ ಇಲ್ಲ. ಮೂರರಲ್ಲಿ ಎರಡು ಪಾಲು ಒತ್ತಡಕ್ಕೆ ಮೂರರಲ್ಲಿ ಎರಡು ಪಾಲು ಪೆಟ್ರೋಲ್ ಬರಲ್ಲ, ಸೊನ್ನೆ ಬರುತ್ತೆ.

ಹೊಸ ಪಂಪು, ಹೊಸ ಫಿಲ್ಟರು, ಒತ್ತಡ ಮಾತ್ರ 41! ಪಂಪಿನ ರಿಲೇ ತೆಗೆದು ಅದೇ ಅಳತೆಯ ಹಾರ್ನಿನ ರಿಲೇ ಹಾಕಿ ನೋಡಿದೆ, ಊಹೂಂ. ಮಲ್ಟಿಮೀಟರ್ ತಗೊಂಡು ಟ್ಯಾಂಕಿನ ಹತ್ತಿರದ ಕನೆಕ್ಟರ್ ಬಿಚ್ಚಿ ಅಳೆದರೆ 12.3 ವೋಲ್ಟ್. ಕರೆಂಟ್ ಸರಿಯಾಗಿ ಬರ್ತಾ ಇದೆ, ಹಾಗಾದ್ರೆ ಹೊಸ ಪಂಪೇ ದಂಡ ಅಂತ ನಾನು ತೀರ್ಮಾನ ಕೊಟ್ಟೆ. ಇನ್ನೊಂದು ಪಂಪ್ ಆರ್ಡರ್ ಮಾಡೋಕೆ ಫೋನ್ ಕೂಡ ಕೈಗೆ ತಗೊಂಡೆ.

ಮಗ ಗಾಡಿ ಅಡಿಯಿಂದ ಕೇಳಿದ. "ಅಪ್ಪಾ, ಪಂಪ್ ಓಡದೆ ಇರುವಾಗ ಅಳೆದ್ರೆ ಏನು ಪ್ರಯೋಜನ?"

ಹೌದಲ್ಲ! ನಮ್ಮೂರ ನಲ್ಲಿ ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಪೈಪಿನಲ್ಲಿ ಎಲ್ಲೋ ಕೆಸರು ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ತಿ ಇರುತ್ತೆ. ನಲ್ಲಿ ತಿರುಗಿಸಿದಾಗಲೇ ಗೊತ್ತಾಗೋದು ಬರೋದು ಹನಿ ಹನಿ ಅಂತ. ವೈರಿನದ್ದೂ ಹಾಗೇ. ಒಂದೇ ಎಳೆ ತಂತಿ ಉಳಿದಿದ್ದರೂ ಮೀಟರು 12 ತೋರಿಸುತ್ತೆ. ಮೀಟರಿಗೆ ಬೇಕಾದ ಕರೆಂಟು ಇಷ್ಟೇ ಇಷ್ಟು, ಪಂಪಿಗೆ ಬೇಕಾದದ್ದು ಅದರ ಲಕ್ಷಾಂತರ ಪಾಲು.

ಕನೆಕ್ಟರ್ ಮತ್ತೆ ಹಾಕಿ, ಹಿಂದಿನಿಂದ ಮೀಟರಿನ ಮೊನೆ ತೂರಿಸಿ, ನಾನು ಕೀ ತಿರುಗಿಸಿದೆ. "ಏಟ್ ಪಾಯಿಂಟ್ ಫೋರ್" ಅಂದ. ಬ್ಯಾಟರೀಲಿ 12.3, ಪಂಪಿಗೆ 8.4. ಮಧ್ಯೆ ನಾಲ್ಕು ವೋಲ್ಟ್ ಯಾರೋ ತಿಂತಾ ಇದ್ದಾರೆ! ಮೀಟರಿನ ಒಂದು ಮೊನೆ ಪಂಪಿನ ಕಪ್ಪು ವೈರಿಗೆ, ಇನ್ನೊಂದನ್ನ ಉದ್ದ ವೈರು ಕಟ್ಟಿ ಬ್ಯಾಟರಿಯ ನೆಗೆಟಿವ್‌ಗೆ ಇಟ್ಟೆವು. ಅರ್ತಿಂಗ್ ಸರಿ ಇದ್ದರೆ ಇಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು. 3.6 ಬಂತು. ಕಳ್ಳ ಸಿಕ್ಕಿದ್ದ.

ಆ ಕಪ್ಪು ವೈರನ್ನ ಹಿಡಿದು ಮಗ ತೆವಳಿಕೊಂಡು ಹೋದ. ಚಾಸಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ಬೋಲ್ಟೇ ಕಾಣಲಿಲ್ಲ, ಹುತ್ತದ ಹಾಗೆ ತುಕ್ಕು ಕಟ್ಟಿತ್ತು. ಕೆರೆದು ನೋಡಿದರೆ ವೈರಿನ ತುದಿಯ ಬಳೆ ಹಸಿರು ಪುಡಿಯಾಗಿ ಕೈಗೆ ಬಂತು, ಎರಡೋ ಮೂರೋ ಎಳೆ ಉಳಿದಿತ್ತು ಅಷ್ಟೆ. ಅಕ್ಟೋಬರ್‌ನಲ್ಲಿ ತೊಟ್ಟಿ ಎತ್ತಿ ಅಲುಗಾಡಿಸಿದಾಗ ಆ ಎಳೆಗಳು ಹೇಗೋ ಒಂದು ಕಡೆ ತಾಗಿ ಕೂತಿವೆ. ಗಾಡಿ ಎದ್ದಿದೆ. ನಾವು ಮಂಡಕ್ಕಿ ತಿಂದಿದ್ದೇವೆ.

ಇದಕ್ಕೆಲ್ಲ ಕಾರಣ ಉಪ್ಪು. ಇಲ್ಲಿ ಹಿಮ ಬಿದ್ದರೆ ಲಾರಿಗಳಲ್ಲಿ ಉಪ್ಪು ತಂದು ರಸ್ತೆಗೆ ಸುರೀತಾರೆ, ಹಿಮ ಕರಗಲಿ ಅಂತ. ಡೆಟ್ರಾಯಿಟ್ ನಗರದ ಕೆಳಗೇ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಒಂದು ದೊಡ್ಡ ಉಪ್ಪಿನ ಗಣಿ ಇದೆ, ರಸ್ತೆಗೆ ಬೀಳೋ ಉಪ್ಪು ಅಲ್ಲಿಂದಲೂ ಬರುತ್ತೆ. ಆ ಉಪ್ಪುನೀರು ಚಕ್ರದಿಂದ ಸಿಡಿದು ಗಾಡಿಯ ಹೊಟ್ಟೆಗೆ ಮೆತ್ತಿಕೊಳ್ಳುತ್ತೆ. ಉಪ್ಪು ತಿಂದವ ನೀರು ಕುಡೀಲೇಬೇಕು ಅಂತಾರೆ, ಇಲ್ಲಿ ತಾಮ್ರ ಕಬ್ಬಿಣ ಎರಡೂ ಕುಡಿದಿದ್ದವು. ನಾಚಿಕೆ ಆಗೋದು ಯಾಕೆ ಅಂದ್ರೆ, ನಾನು ಕುಮಟೆಯವನು. ಸಮುದ್ರದ ಗಾಳಿಗೆ ಕಿಟಕಿ ಸರಳು ಹೇಗೆ ಪದರು ಪದರಾಗಿ ಏಳುತ್ತೆ ಅಂತ ಹುಟ್ಟಿದಾಗಿನಿಂದ ನೋಡಿದವನು. ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳ ಬದುವಿನ ಮೇಲೆ ಓಡಾಡಿದವನು. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತೆ ಅಂತ ನನಗೆ ಇಂಟರ್ನೆಟ್ ಹೇಳಬೇಕಿತ್ತೇ?

ರಿಪೇರಿ ಹೇಳೋಕೆ ಹೆಚ್ಚೇನಿಲ್ಲ. ತಾಮ್ರ ಹೊಳೆಯೋವರೆಗೂ ವೈರ್ ಕತ್ತರಿಸಿ, ಹೊಸ ಬಳೆ ಒತ್ತಿ, ಚಾಸಿಯ ತುಕ್ಕನ್ನ ಬಿಳಿ ಲೋಹ ಕಾಣೋವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿದೆವು. ನಾಲ್ಕು ಡಾಲರ್ ಖರ್ಚು. ಗೇಜು 63 ತೋರಿಸಿತು. ಒಂದೇ ಕೀಗೆ ಎಂಜಿನ್ ಹಿಡೀತು. ಈ ಸಲ ನಾನು ಕಣ್ಣು ಮುಚ್ಕೊಂಡು ಓಡಿಸು ಅನ್ನಲಿಲ್ಲ. ಎರಡು ವಾರ ನಾನೇ ಆಫೀಸಿಗೆ ತಗೊಂಡು ಹೋದೆ, ದಿನಾ ರಾತ್ರಿ ಅಳೆದೆ, ಆಮೇಲೆ ಕೀ ಕೊಟ್ಟೆ. ಸೀಟಿನ ಹಿಂದೆ ಈಗ ಒಂದು ರಗ್ಗು, ಫೋನಿಗೆ ಚಾರ್ಜರ್, ಮಲ್ಟಿಮೀಟರ್, ಒಂದು ಟೋಪಿ ಇದೆ. ಟೋಪಿ ಅವರಮ್ಮ ಇಟ್ಟದ್ದು.

ಹಳೇ ಪಂಪ್ ಇನ್ನೂ ಗರಾಜಿನ ಕಪಾಟಿನಲ್ಲಿದೆ. ಹೆಂಡತಿ ಮೊನ್ನೆ ಗುಡಿಸುವಾಗ ಎತ್ತಿ ತೋರಿಸಿದಳು.

"ಹಾಗಾದ್ರೆ ಇದು ಚೆನ್ನಾಗೇ ಇತ್ತೇನ್ರೀ?"

"ಇದ್ದಿರಬಹುದು."

"ಹೊಸದಕ್ಕೆ ಎಷ್ಟು ಕೊಟ್ರಿ ಅಂದ್ರಿ?"

ನನಗೆ ಆಗಲೇ ಎಲ್ಲೋ ಅರ್ಜೆಂಟ್ ಹೋಗಬೇಕಾಗಿ ಬಂತು.

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಎಲ್ಲ ಹೇಳಿದೆ. ಸ್ಪ್ರೇ, ಗೇಜು, 8.4 ವೋಲ್ಟು, ಮಗ ಕೇಳಿದ ಪ್ರಶ್ನೆ, ಎಲ್ಲ. ಎಂಬತ್ತೆರಡು ವರ್ಷ ಅವರಿಗೆ, ಕಿವಿ ಸ್ವಲ್ಪ ಮಂದ. ನಡುವೆ ಎಲ್ಲೂ ಮಾತಾಡಲಿಲ್ಲ. ನನ್ನ ಕಥೆ ಮುಗಿದ ಮೇಲೆ ಕೇಳಿದರು.

"ಆ ರಾತ್ರಿ ಹುಡುಗ ಎಷ್ಟು ದೂರ ನಡೆದ ಅಂದ್ಯೋ?"

"ಎರಡು ಮೈಲಿ ಅಪ್ಪಾ."

"ಕಿಲೋಮೀಟರಲ್ಲಿ ಹೇಳು ತಮಾ."

"ಮೂರು ಕಿಲೋಮೀಟರ್ ಮೇಲೆ."

ಹೂಂ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಫೋನ್ ಅವನ ಕೈಗೆ ಕೊಡು ಅಂದರು.