ಆ ಟಿಕೆಟ್ಟು ಪುಕ್ಕಟೆಯದಲ್ಲ

ಹೋದ ತಿಂಗಳು ನಮ್ಮ ಸಂಘದ ಹುಡುಗಿಯೊಬ್ಬಳ ಜೊತೆ ತಾಲ್ಲೂಕಿನ ಕೋರ್ಟಿಗೆ ಹೊರಟಿದ್ದೆ. ವರದಕ್ಷಿಣೆ ಕಾಟದ ಕೇಸು. ಬಸ್ಸು ಹತ್ತಿದ್ದೇ ತಡ, ಸೀಟಿನಲ್ಲಿದ್ದ ಗಂಡಸೊಬ್ಬ, "ಪುಕ್ಕಟೆ ಅಂತ ಊರೂರು ತಿರುಗೋಕೆ ಹೊರಟರು" ಎಂದ. ಇವಳ ಮುಖ ಬಾಡಿತು. "ಇಳಿದುಬಿಡೋಣ ಅಕ್ಕಾ" ಎಂದಳು.

ಅಕ್ಕಂದಿರೇ, 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗುವ ಮೊದಲು ಇಂಥವಳು ಬಸ್ಸಿನ ಕಾಸನ್ನು ಹೊಡೆಯುವ ಗಂಡನ ಹತ್ತಿರವೇ ಬೇಡಬೇಕಿತ್ತು. ಈಗಿನ ಶೂನ್ಯ ಟಿಕೆಟ್ಟಿನ ಲೆಕ್ಕ ಹಿಡಿದು ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ಕೊಡಬೇಕು. ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುವವರು ನಾವು. ಇದರಲ್ಲಿ ಯಾರ ಭಿಕ್ಷೆ ಇದೆ?

ಆದರೆ ನಮ್ಮ ತಪ್ಪನ್ನೂ ಹೇಳಬೇಕು. ಅವತ್ತು ಕಂಡಕ್ಟರ್ ಕೂಡ ಹೆಣ್ಣುಮಗಳೇ. ಆ ನೂಕುನುಗ್ಗಲಲ್ಲಿ ಆಧಾರ್ ಕಾರ್ಡ್ ಕೇಳಿದ್ದಕ್ಕೆ ನಮ್ಮ ಹೆಂಗಸರೇ ಅವಳನ್ನು ಬೈದರು. ಟಿಕೆಟ್ ಕೊಡದೆ ಬಿಟ್ಟರೆ ತನಿಖೆಯವರು ಹಿಡಿಯುವುದು ಅವಳನ್ನೇ. ಬೇಕೆಂದೇ ಮೈ ತಾಗಿಸುವವರ ನಡುವೆ ದಿನವಿಡೀ ನುಸುಳಿ ಓಡಾಡುವವಳು ಅವಳು. ಆ ಗಂಡಸಿಗೆ, "ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ, ಇಲ್ಲಾ ಇಳೀರಿ" ಎಂದವಳೂ ಅವಳೇ. ಬೈದಿದ್ದ ನಾವ್ಯಾರೂ ಆಗ ತುಟಿ ಬಿಚ್ಚಲಿಲ್ಲ. ಸಭೆಯಲ್ಲಿ ಅಷ್ಟು ಮಾತಾಡುವ ನಾನೂ.

ಈ ವಾರ ಸಂಘದಲ್ಲಿ ಮಾತಾಡಿಕೊಂಡೆವು. ಬಸ್ಸು ಬರುವ ಮೊದಲೇ ಕಾರ್ಡು ಕೈಯಲ್ಲಿರಬೇಕು. ನಮ್ಮ ಮೈಮೇಲಾಗಲಿ, ಕಂಡಕ್ಟರ ಮೈಮೇಲಾಗಲಿ ಯಾರಾದರೂ ಕೈ ಹಾಕಿದರೆ ಎಲ್ಲರೂ ಎದ್ದು ಕೂಗಬೇಕು, ಬಸ್ಸು ನಿಲ್ಲಿಸಿ 112ಕ್ಕೆ ಫೋನು ಮಾಡಬೇಕು.

ಹುಡುಗಿ ಅವತ್ತು ಇಳಿಯಲಿಲ್ಲ. ಮುಂದಿನ ತಾರೀಖಿಗೂ ಅದೇ ಬಸ್ಸಿಗೆ ಹೋಗುತ್ತೇವೆ.